ಅಕ್ಕನ ಎಡಗಾಲು

ನಮ್ಮಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಆದರೂ ಇಪ್ಪತ್ತೆಂಟು ವರ್ಷಗಳಲ್ಲಿ ಅವಳು ಒತ್ತಿದಷ್ಟು ಕ್ಲಚ್ಚನ್ನು ಯಾವ ಡ್ರೈವರೂ ಒತ್ತಿರಲಾರ. ಭಾವ ಹಳೆಯ ಕಾರುಗಳ ಮೆಕ್ಯಾನಿಕ್. ಅವರು ಕಾರಿನಡಿ ಮಲಗಿ "ಒತ್ತು", "ಬಿಡು" ಎನ್ನುವುದು, ಇವಳು ಸೀಟಿನಲ್ಲಿ ಕೂತು ಬಟಾಣಿ ಸುಲಿಯುತ್ತ ಎಡಗಾಲು ಆಡಿಸುವುದು. ನಿಮ್ಮ ಸಂಸಾರದ ಮಾತೆಲ್ಲ ಇಷ್ಟೇ ತಾನೇ ಎಂದು ನಾನು ರೇಗಿಸುತ್ತಿದ್ದೆ. ನಾನು ಅದೇ ಗ್ಯಾರೇಜಿನಲ್ಲಿ ಪೇಂಟ್ ಹೊಡೆಯುವವನು. ಬೈಸಿಕೊಳ್ಳುವ ಕೆಲಸವೂ ನನ್ನದೇ.

ಈ ವರ್ಷ ಎರಡು ಕಾರುಗಳು, ಹೊರಡುವಾಗ ನಡುಗುತ್ತವೆಂದು ವಾಪಸು ಬಂದವು. ಸುದ್ದಿ ಹಬ್ಬಿತು, ಗಿರಾಕಿಗಳು ಕಾಣೆಯಾದರು. ಉಳಿದದ್ದು ಒಬ್ಬ ನಿವೃತ್ತ ಡಾಕ್ಟರರ ಹಳೆಯ ಕಾರು. ಅದರ ಇಂಜಿನ್ ಪೂರ್ತಿ ಬಿಚ್ಚಿ ಭಾವ ಹೊಸದಾಗಿ ಕಟ್ಟಿದ್ದರು. ಅದೂ ವಾಪಸು ಬಂದರೆ ಗ್ಯಾರೇಜಿನ ಬಾಗಿಲು ಎಳೆದ ಹಾಗೆಯೇ.

ಕ್ಲಚ್ ಕೂರಿಸಿ, ಗೇರ್‌ಬಾಕ್ಸ್ ಏರಿಸಿ, ಬೋಲ್ಟು ಬಿಗಿದಾಗಿತ್ತು. ಅಕ್ಕ ಪೆಡಲ್ ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ರೀ, ಮೂರು ಫಿಂಗರೂ ಒಟ್ಟಿಗೆ ತಾಗ್ತಿಲ್ಲ. ಒಂದು ಮುಂಚೆ ಬರ್ತಿದೆ."

ಫಿಂಗರ್ ಎಂದರೆ ಪೆಡಲ್ ಒತ್ತಿದಾಗ ಕ್ಲಚ್ ಪ್ಲೇಟನ್ನು ಬಿಡಿಸುವ ಉಕ್ಕಿನ ತುಂಡು. ನಟ್ಟು ತಿರುಗಿಸಿ ಮೂರನ್ನೂ ಒಂದೇ ಎತ್ತರಕ್ಕೆ ತರಬೇಕು. ಒಂದು ಚೂರು ಹೆಚ್ಚುಕಮ್ಮಿಯಾದರೂ ಕಾರು ನಡುಗುತ್ತದೆ.

ಗೇಜಿಟ್ಟು ಅಳೆದಿದ್ದೇನೆ, ನಿನ್ನ ಕಾಲಿಗೇನು ಕಣ್ಣಿದೆಯೇ ಎಂದು ಭಾವ ಸಿಡುಕಿದರು. ನಾನೂ ಅವರ ಕಡೆಯೇ ಮಾತಾಡಿದೆ. ಗೇರ್‌ಬಾಕ್ಸ್ ಇಳಿಸಲು ಅರ್ಧ ದಿನ ಬೇಕು, ಅದು ಇಳಿಯುವುದು ನನ್ನ ಎದೆಯ ಮೇಲೆ ತಾನೇ! ಅಕ್ಕ ವಾದಕ್ಕೆ ನಿಲ್ಲಲಿಲ್ಲ. ಬಟಾಣಿ ಬುಟ್ಟಿ ಬದಿಗಿಟ್ಟು, ಜಾಕ್ ಎಳೆದು ತಂದು ಕಾರಿನಡಿ ತಳ್ಳಿದಳು. ಅವಳು ಹಟಕ್ಕೆ ಬಿದ್ದರೆ ಮುಗಿಯಿತು. ಗೊಣಗುತ್ತಲೇ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ ನೆಲದ ಮೇಲಿಟ್ಟೆವು.

ಎರಡು ಫಿಂಗರ್ ಸರಿಯಾಗಿದ್ದವು. ಮೂರನೆಯದು ಉಗುರಿನ ದಪ್ಪದಷ್ಟು ಮೇಲಿತ್ತು. ನಿಂತಲ್ಲಿಂದಲೇ ನನಗೆ ಕಂಡಿತು. ಭಾವ ಮಾತ್ರ ಮೂಗು ತಾಗುವಷ್ಟು ಬಗ್ಗಿ, ಹೆಬ್ಬೆರಳಿನಿಂದ ಸವರಿ ಸವರಿ ಹುಡುಕುತ್ತಿದ್ದರು.

"ಕಾಣಿಸ್ತಿಲ್ಲ ಕಣೇ," ಎಂದರು ಭಾವ. "ಎರಡು ವರ್ಷ ಆಯ್ತು."

ಯಾಕೆ ಹೇಳಲಿಲ್ಲ ಎಂದು ಅಕ್ಕ ಕೇಳಿದಳು.

"ಹೇಳಿದ್ರೆ ನೀನು ಗ್ಯಾರೇಜ್ ಮುಚ್ಚಿಸ್ತಿದ್ದೆ."

"ಹೌದು, ಮುಚ್ಚಿಸ್ತಿದ್ದೆ." ಅಕ್ಕ ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಪಕ್ಕದಲ್ಲಿ ಮಂಡಿಯೂರಿದಳು. "ಯಾವ ಕಡೆ ತಿರುಗಿಸ್ಬೇಕು, ಹೇಳಿ."