ಮುಗಿದ ಪಾಠಕ್ಕೆ ಶಭಾಷ್

ಗೆಳೆಯರೇ, ಈಗ ಸಂಜೆ ಏಳು. ಬೀದರದ ನಮ್ಮ ಟ್ರ್ಯಾಕ್ಟರ್ ಶೋರೂಮಿನಲ್ಲಿ ಇಂದು ಒಂದು ಟ್ರ್ಯಾಕ್ಟರೂ ಮಾರಾಟವಾಗಲಿಲ್ಲ. ಕಂಪ್ಯೂಟರಿನಲ್ಲಿ ಆನ್‌ಲೈನ್ ತರಬೇತಿ ಮಾತ್ರ ಬೆಳಗಿನಿಂದ ನಡೆದೇ ಇತ್ತು.

ಮ್ಯಾನೇಜರ್ ಸಾಹೇಬರು ನೋಡಿಬಿಟ್ಟರು. "ಶರಣಪ್ಪಾ, ಗಿರಾಕಿ ಜೋಡಿ ಮಾತಾಡೋ ಪಾಠ ಹೋದ ತಿಂಗಳೇ ಮುಗಿಸಿದ್ದಿಯಲ್ಲ, ಮತ್ತ ಯಾಕ ಹಚ್ಚಿದಿ?"

ಟ್ರ್ಯಾಕ್ಟರ್ ಮಾರುವ ಹುಡುಗ, ಭಾಲ್ಕಿಯ ಶರಣಪ್ಪ ಎದ್ದು ನಿಂತ. "ಪಾಠ ಮುಗಿದ ಮ್ಯಾಲ ವಿಡಿಯೋದಾಗಿನ ಮೇಡಂ ಶಭಾಷ್ ಅಂತಾರ್ರಿ. ಇಲ್ಲಿ ಯಾರೂ ಅನ್ನಂಗಿಲ್ರಿ."

"ಮುಗಿದ ಪಾಠ ಎಲ್ಲಾ ಬಂದ್ ಮಾಡಸ್ತೇನಿ," ಎಂದ ಸಾಹೇಬರು ಲೆಕ್ಕ ಬರೆಯುವ ನನ್ನ ಕಡೆ ತಿರುಗಿದರು. "ಅಕ್ಕಾರ, ನೀವರ ಹೇಳ್ರಿ ಇವಗ."

ನಾನೂ ದಿನಾ ಊಟದ ಹೊತ್ತಿನಲ್ಲಿ ಅದೇ ಪಾಠ ಹಚ್ಚುತ್ತೇನೆ ಎಂದೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನನಗೆ ಶಭಾಷ್ ಎನ್ನುವವರು ಆ ಮೇಡಂ ಒಬ್ಬರೇ ಎಂಬುದನ್ನು ಹೇಳಲಿಲ್ಲ.

ಅಂಥದ್ದೇನಿದೆ ಎಂದು ಸಾಹೇಬರೇ ಕುರ್ಚಿ ಎಳೆದುಕೊಂಡು ಪಾಠ ಹಚ್ಚಿದರು. ಕೊನೆಯ ಪ್ರಶ್ನೆಗಳಲ್ಲಿ ಫೇಲಾದರು. "ಮತ್ತೊಮ್ಮೆ ಪ್ರಯತ್ನಿಸಿ," ಎಂದರು ಮೇಡಂ. ಶೋರೂಮು ಮುಚ್ಚುವವರೆಗೂ ಪ್ರಯತ್ನಿಸಿದರು. ಬಂದ್ ಮಾಡಿಸುವ ಮಾತು ಮತ್ತೆ ಬರಲಿಲ್ಲ.

ನಾಳೆ ಭಾನುವಾರ, ಶೋರೂಮು ತೆರೆಯುವುದಿಲ್ಲ, ನನಗೆ ಶಭಾಷ್ ಎನ್ನುವವರೂ ಇಲ್ಲ.