ಮಂತ್ರಿಗಳ ಕಿವಿ
ಮಂತ್ರಿ ಚಿಕ್ಕಬೈರಪ್ಪನವರು ಕೂರುವುದು ವಿಧಾನಸೌಧದಲ್ಲಾದರೂ ಅವರ ಕಿವಿ ಇರುವುದು ಪೀಣ್ಯದ ಕಾರ್ಖಾನೆಗಳ ನಡುವೆಯೇ. ಇಂಜಿನಿಯರಿಂಗ್ ಓದಿ, ಬಾಡಿಗೆ ಶೆಡ್ಡಿನಲ್ಲಿ ನೀರೆತ್ತುವ ಪಂಪು ತಯಾರಿಸಿ, ಅದನ್ನೇ ದೊಡ್ಡ ಕಾರ್ಖಾನೆಯಾಗಿ ಬೆಳೆಸಿ ರಾಜಕೀಯಕ್ಕೆ ಬಂದವರು. ಫ್ಯಾನಾಗಲಿ ಲಿಫ್ಟಾಗಲಿ, ತಲೆ ವಾಲಿಸಿ ಆಲಿಸಿ, ‘ಬೇರಿಂಗ್ ಹೋಗಿದೆ ಕಣ್ರೀ’ ಎನ್ನುತ್ತಾರೆ; ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಗಮನವೆಲ್ಲ ಛತ್ರದ ಜನರೇಟರಿನ ಕಡೆಗೆ. ಅಧಿಕಾರಿಗಳ ಮಾತು ಉದ್ದವಾದರೆ, ‘ಸೌಂಡ್ ಜಾಸ್ತಿ, ನೀರು ಕಮ್ಮಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಈಗ ಕಾರ್ಖಾನೆ ನಡೆಸುವ ಹೆಂಡತಿ ಶೋಭಾರಾಣಿ, ಇವರು ಕೇಳಿ ಒಪ್ಪದ ಹೊಸ ಮಾದರಿಯನ್ನು ಮಾರುವುದೇ ಇಲ್ಲ. ಮೊನ್ನೆ ತುಮಕೂರು ರಸ್ತೆಯ ಬಡಾವಣೆಯೊಂದರಲ್ಲಿ ನೀರಿನ ಪಂಪ್‌ಹೌಸ್ ಉದ್ಘಾಟನೆಗೆ ಗುಂಡಿ ಒತ್ತಿದವರೇ ಹುಬ್ಬು ಗಂಟಿಕ್ಕಿ, ‘ಇದು ಒಂದು ತಿಂಗಳೂ ಬಾಳಲ್ಲ, ನಿಲ್ಸಿ’ ಎಂದರು. ‘ಟಿವಿಯೋರಿದಾರೆ ಸಾರ್, ಆಮೇಲೆ ನೋಡೋಣ’ ಎಂದು ಪಕ್ಕದಲ್ಲಿದ್ದ ಅಧಿಕಾರಿ ಪಿಸುಗುಟ್ಟಿದ. ಚಿಕ್ಕಬೈರಪ್ಪನವರು ಕ್ಯಾಮೆರಾಗಳತ್ತ ತಿರುಗಿದರು, ಕೊಡ ಹಿಡಿದು ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದಾಗ ತಾವೂ ತಟ್ಟಿದರು. ರಾತ್ರಿ ಊಟಕ್ಕೆ ಕೂತಾಗ ಶೋಭಾರಾಣಿ, ‘ಟಿವೀಲಿ ನೋಡ್ದೆ, ಆ ಹೊಸಾ ಪಂಪು ಹೆಂಗಿದೆ ರೀ?’ ಎಂದು ಕೇಳಿದರು. ‘ಚೆನ್ನಾಗಿದೆ’ ಎಂದರು, ತಟ್ಟೆಯಿಂದ ತಲೆಯೆತ್ತದೆ. ‘ನೀವು ಹೇಳಿದ್ಮೇಲೆ ಮುಗೀತು ಬಿಡಿ. ಪಾಪ, ಆ ಹೆಂಗಸ್ರಿಗೆ ಇನ್ಮೇಲೆ ಟ್ಯಾಂಕರ್ ಕಾಯೋದು ತಪ್ತು’ ಎಂದು ಆಕೆ ನಂಬಿಬಿಟ್ಟರು. ಮಂತ್ರಿಗಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದರು.