ಕಣದಲ್ಲಿ ಕಲಿತ ತ್ರಿಕೋನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಿಜಾಮರ ಕಾಲದಲ್ಲಿ ಕಮಲಾಪುರದ ಹುಡುಗರನ್ನು ಮೆಟ್ರಿಕ್ ಪರೀಕ್ಷೆಗೆ ತಯಾರು ಮಾಡುತ್ತಿದ್ದಾಗ, ಅವರು ನನ್ನ ಬೆತ್ತಕ್ಕಿಂತ ನಾಲಿಗೆಗೇ ಹೆಚ್ಚು ಹೆದರುತ್ತಿದ್ದರು. ಆದರೆ ಒಬ್ಬ ಹುಡುಗನ ಮುಂದೆ ಎರಡೂ ಸೋತವು. ಉಳಿದ ವಿಷಯಗಳಲ್ಲಿ ಚುರುಕಾಗಿದ್ದವನು ರೇಖಾಗಣಿತ ಬಂತೆಂದರೆ ಕಲ್ಲಾಗುತ್ತಿದ್ದ. ಹಿಂದಿನ ವರ್ಷ ಅದೊಂದರಲ್ಲೇ ನಪಾಸಾಗಿದ್ದ.

ತಂದೆಯಿಲ್ಲದ ಹುಡುಗ. ಹೈದರಾಬಾದಿಗೆ ಹೋಗಿ ಮುಂದೆ ಓದಬೇಕೆಂಬ ಆಸೆ ಅವನಿಗೆ. ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಅವನ ಕಾಕಾನ ಲೆಕ್ಕವೇ ಬೇರೆ. "ಇದೊಂದ ಸಲ ನೋಡ್ತೀನಿ. ಆಮ್ಯಾಲ ಬಂದು ತಕ್ಕಡಿ ಹಿಡೀಲಿ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಹುಡುಗನ ತಾಯಿ ನಮ್ಮ ಬಾಗಿಲಿಗೆ ಬಂದು ನಿಂತು, "ಮಾಸ್ತರ್ರ, ಹೊಡೀರಿ, ಬಡೀರಿ, ಹೆಂಗರ ಮಾಡಿ ಇವನ್ನ ದಾಟಸ್ರಿ" ಎಂದಳು.

ಹೊಡೆದರೆ ತ್ರಿಕೋನ ತಲೆಗೆ ಇಳಿಯುವಂತಿದ್ದರೆ ನಮ್ಮ ಸೀಮೆಯ ತುಂಬ ಪಂಡಿತರೇ ಇರಬೇಕಿತ್ತು. ಹುಡುಗನ ಮನೆಮಾತು ಕನ್ನಡ, ಪರೀಕ್ಷೆ ಉರ್ದುವಿನಲ್ಲಿ. ಪ್ರಮೇಯಗಳನ್ನೆಲ್ಲ ಅವನು ಉರ್ದುವಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ. ನಡುವೆ ಒಂದು ಮಾತು ಜಾರಿದರೆ ಮುಂದಿನದೆಲ್ಲ ಮಾಯ. ಮತ್ತೆ ಮೊದಲಿನಿಂದ ಶುರು. ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು.

ಒಂದು ದಿನ ರೇಗಿ ಪುಸ್ತಕ ಮುಚ್ಚಿಸಿ, ರಾಶಿ ಮುಗಿದು ಖಾಲಿ ಬಿದ್ದಿದ್ದ ಕಣಕ್ಕೆ ಅವನನ್ನು ಕರೆದುಕೊಂಡು ಹೋದೆ. ಸುಣ್ಣದ ಪುಡಿಯಿಂದ ನೆಲದ ಮೇಲೆ ದೊಡ್ಡದೊಂದು ತ್ರಿಕೋನ ಎಳೆದು, "ನಡಿ" ಎಂದೆ.

"ಎಲ್ಲಿಗ್ರಿ?"

"ಗೆರಿ ಮ್ಯಾಲ. ಯಾಕ ಹಂಗ ಹೊಂಟಿ ಅಂತ ಹೇಳ್ಕೋತ ನಡಿ."

ಮೊದಲು ಕನ್ನಡದಲ್ಲಿ ಹೇಳುತ್ತ ನಡೆದ. ಆಮೇಲೆ ಅದೇ ಗೆರೆಯ ಮೇಲೆ ಉರ್ದುವಿನಲ್ಲಿ. ಎರಡು ಬಾಹು ಸೇರಿದರೆ ಮೂರನೆಯದಕ್ಕಿಂತ ಉದ್ದ ಎಂಬುದನ್ನು ನಡೆದು ನೋಡಿ, "ಇದು ನಮ್ಮ ಎತ್ತಿಗೂ ಗೊತ್ತದರಿ!" ಎಂದು ನಕ್ಕ. ಅವನು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಂದಿನಿಂದ ದಿನವೂ ಕಣದಲ್ಲೇ ಪಾಠ. ಮಾಸ್ತರಿಗೆ ಹುಚ್ಚು ಹಿಡಿದಿದೆ ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ. ಮನೆಯಲ್ಲಿ ಕೂತು ಬರೆಯುವಾಗಲೂ ಅವನ ಪಾದಗಳು ನೆಲದ ಮೇಲೆ ಮೆಲ್ಲಗೆ ಗೆರೆ ಹಿಡಿದು ಹೋಗುತ್ತಿದ್ದವು.

ಪರೀಕ್ಷೆ ಕಲಬುರಗಿಯಲ್ಲಿ, ಕೋಟೆಯಿಂದ ಸ್ವಲ್ಪ ದೂರದ ಒಂದು ಶಾಲೆಯಲ್ಲಿ. ರೇಖಾಗಣಿತದ ದಿನ ಅವನನ್ನು ಒಳಗೆ ಕಳಿಸಿ, ಬೇರೆ ಹುಡುಗರ ಕಡೆಯವರ ಜೊತೆ ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದೆ. ಗಂಟೆ ಬಾರಿಸಿ ಬಹಳ ಹೊತ್ತಾಗಿರಲಿಲ್ಲ. ಮೇಲ್ವಿಚಾರಣೆಯ ಸಾಹೇಬರು ಪಡಸಾಲೆಗೆ ಬಂದು, "ಕಮಲಾಪುರ್ ಕೇ ಮಾಸ್ಟರ್, ಇಧರ್ ಆವ್!" ಎಂದು ಕೂಗಿದರು.

ಅವರ ಪಕ್ಕದಲ್ಲಿ ನನ್ನ ಹುಡುಗ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. ಬೆಂಚಿನ ಕೆಳಗೆ ಅವನ ಕಾಲು ಅತ್ತಿತ್ತ ಹರಿದಾಡುತ್ತಿತ್ತಂತೆ, ತುಟಿಯೂ ಅಲುಗುತ್ತಿತ್ತಂತೆ. ಯಾರಿಗೋ ಸನ್ನೆ ಮಾಡುತ್ತಿದ್ದಾನೆ, ಇದು ನಕಲು, ಹೊರಗೆ ಹಾಕುತ್ತೇನೆ ಎಂದು ಸಾಹೇಬರು ಹಾರಾಡಿದರು. ನನಗೆ ಗೊತ್ತಿದ್ದ ಉರ್ದುವನ್ನೆಲ್ಲ ಬಳಿದು ಕಣದ ಪಾಠದ ಕಥೆ ಹೇಳಿದೆ. ಅವರು ಪೂರ್ತಿ ನಂಬಲಿಲ್ಲ. ಕೊನೆಗೆ, ಪಡಸಾಲೆಯ ನೆಲದ ಮೇಲೆ ತಮ್ಮ ಕಣ್ಣೆದುರೇ ಚಕ್ಕಳಮಕ್ಕಳ ಹಾಕಿ ಕೂತು ಬರೆಯಲಿ, ಕಾಲು ಅಲುಗಿದರೆ ಪರೀಕ್ಷೆ ಮುಗಿದಂತೆ ಎಂದರು.

ಹುಡುಗ ನನ್ನತ್ತ ಬಾಗಿ, "ಕಾಲ ಕಟ್ಟಿ ಕುಂತ್ರ ತಲಿ ನಡ್ಯಂಗಿಲ್ರಿ ಮಾಸ್ತರ್ರ" ಎಂದ. ಸಾಹೇಬರು ನನ್ನನ್ನು ಅಂಗಳಕ್ಕೆ ಅಟ್ಟಿದರು.

ಇಷ್ಟರಲ್ಲಿ ಅವರ ಕೈಯಲ್ಲಿದ್ದ ಪ್ರಶ್ನೆಪತ್ರಿಕೆ ನನ್ನ ಕಣ್ಣಿಗೆ ಬಿದ್ದಿತ್ತು. ಎರಡು ಬಾಹು ಸಮ ಇರುವ ತ್ರಿಕೋನ. ತುದಿಯಿಂದ ನಟ್ಟನಡುವೆ ಇಳಿದು, ಆಮೇಲೆ ಎಡಕ್ಕೆ, ಬಲಕ್ಕೆ. ಕಣದಲ್ಲಿ ಅವನು ಎಷ್ಟೋ ಸಲ ನಡೆದಿದ್ದ.

ಮರದ ಕೆಳಗೆ ಬಂದು ನಿಂತು ನೋಡಿದೆ. ಹುಡುಗ ನನ್ನ ಕಡೆಗೇ ಮುಖ ಮಾಡಿ ಕೂತಿದ್ದ. ಲೇಖನಿ ಅಲುಗಲಿಲ್ಲ. ಕಣ್ಣು ನನ್ನ ಮೇಲೆ. ಸುತ್ತ ಎಷ್ಟೋ ಜನ ಆತಂಕದಿಂದ ಶತಪಥ ಹಾಕುತ್ತಿದ್ದರು. ನಾನೂ ಮರದಿಂದ ಅಂಗಳದ ಬಾವಿಯವರೆಗೆ ನೆಟ್ಟಗೆ ಹೋಗಿ, ಎಡಕ್ಕೂ ಬಲಕ್ಕೂ ನಾಲ್ಕು ಹೆಜ್ಜೆ ಹಾಕಿದರೆ ಯಾರಿಗೆ ತಿಳಿಯುತ್ತದೆ? ಅವನಿಗೊಬ್ಬನಿಗೆ ತಿಳಿದರೆ ಸಾಕು. ಸಿಕ್ಕಿಬಿದ್ದರೆ ಅವನ ಓದು ಅಲ್ಲಿಗೇ ಮುಗಿಯಿತು. ಸಿಕ್ಕಿಬೀಳದಿದ್ದರೂ ಅದು ಅವನ ತ್ರಿಕೋನವಾಗುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಬಲಗಾಲ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು. ನನಗೆ ನನ್ನದೇ ಭಯವಾಯಿತು. ಗಿರ್ರನೆ ತಿರುಗಿ, ಅವನಿಗೆ ಬೆನ್ನು ಹಾಕಿ, ಬೇವಿನ ಬೊಡ್ಡೆಗೆ ಮುಖ ಮಾಡಿ ಕೂತುಬಿಟ್ಟೆ.

ಆಮೇಲಿನ ಹೊತ್ತು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಬೊಡ್ಡೆಯ ಮೇಲೆ ಇರುವೆಗಳು ಹತ್ತಿ ಇಳಿಯುತ್ತಿದ್ದವು. ಯಾರಾದರೂ ಕೆಮ್ಮಿದರೂ ಸಾಹೇಬರ ಕೂಗೇ ಬಂತೆಂದು ಮೈ ಬಿಗಿಯುತ್ತಿತ್ತು. ತಿರುಗಿ ನೋಡುವ ಧೈರ್ಯ ಮಾತ್ರ ಆಗಲಿಲ್ಲ.

ಗಂಟೆಯಾದ ಮೇಲೆ ಹುಡುಗ ಹೊರಗೆ ಬಂದ. "ಬರದೇನೋ?" ಎಂದು ಕೇಳಿದೆ. "ಬರದೀನ್ರಿ" ಎಂದು ನನ್ನ ಮುಖ ನೋಡದೆ ಬಂಡಿ ಹತ್ತಿದ. ಕಮಲಾಪುರದವರೆಗೂ ಬೇರೆ ಕಡೆ ತಿರುಗಿಯೇ ಕೂತಿದ್ದ. ಫಲಿತಾಂಶ ಬರುವವರೆಗೆ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ನನಗೂ ಬಿಗುಮಾನ. ಕರೆಸಲಿಲ್ಲ.

ಪಾಸಾದ. ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ತಾಯಿಯೊಡನೆ ಬಂದ. ನನ್ನ ಕಾಲಿಗೆ ಬಿದ್ದವನು ಏಳದೆ ಅಲ್ಲೇ ಕೂತು ಕೇಳಿದ.

"ಅವತ್ತ ಯಾಕ ಬೆನ್ನ ತಿರುವಿದ್ರಿ? ನಿಮ್ಮ ಮಾರಿ ನೋಡ್ಕೋತ ಕುಂತಿದ್ದೆ. ನೀವೂ ಕೈ ಬಿಟ್ರಿ ಅಂತ ಸಿಟ್ಟ ಬಂತು. ಕಣ್ಣ ಮುಚ್ಚಿ ನಾ ಒಬ್ಬನ ಕಣಕ್ಕ ಹೋದೆ."

"ನಿನ್ನ ಮಾರಿ ನೋಡಿದ್ರ ಅಂಗಳದಾಗ ನಡದಬಿಡ್ತಿದ್ದೆಪ್ಪಾ" ಎಂದೆ.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನನ್ನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

"ಪಾಸಾಗ್ಯಾನಲ್ರಿ ಮಾಸ್ತರ್ರ," ಎಂದಳು ಅವನ ತಾಯಿ ಗಾಬರಿಯಾಗಿ, "ಮತ್ತ್ಯಾಕ ಅಳಾಕತ್ತಾನ?"